ಬಾಣಂತಿ ಹಾಸಿಗೆಯಡಿಯ ಕಬ್ಬಿಣ

ನಾನು ಹೇಳಹೊರಟ ಸಂಗತಿ ನಡೆದಾಗ ನನಗೆ ಐವತ್ತೆಂಟು. ಈಗ ಹದಿಮೂರು ವರ್ಷ ಆಯಿತು. ಬಾಣಂತಿಗೂ ಮಗುವಿಗೂ ನೀರು ಹಾಕುವ ಕೆಲಸ ನನ್ನದು. ನಮ್ಮ ಕಡೆ ಮೀಸುವುದು ಅನ್ನುತ್ತಾರೆ. ಮದುವೆಯಾಗಿ ಕೋಡಿಯಿಂದ ಉಪ್ಪುಂದಕ್ಕೆ ಬಂದ ಮೇಲೆ ನಮ್ಮ ಅತ್ತೆಯ ಹಿಂದೆ ಮನೆ ಮನೆಗೆ ಹೋಗಿ ಕಲಿತೆ. ಮೊನ್ನೆ ಮೊನ್ನೆಯವರೆಗೆ ಮಾಡಿದೆ. ಆಮೇಲೆ ಮಣಿಗಂಟು ಕೈಕೊಟ್ಟಿತು. ಎಣ್ಣೆ ಹಚ್ಚಿದ ಮಗು ಜಾರುವುದು ಅಂದರೆ ಏನು ಅಂತ ಗೊತ್ತಿರುವವಳು ನಾನು. ಬಿಟ್ಟೆ.

ಈಗ ಈ ಕೆಲಸಕ್ಕೆ ಹೊಸ ಹುಡುಗಿಯರು ಬರುತ್ತಿದ್ದಾರೆ. ನಮ್ಮ ಮಹಿಳಾ ಸಂಘದಲ್ಲಿ ಅವರಿಗೆ ಕಲಿಸುತ್ತಾರೆ. ಎಣ್ಣೆ ಎಷ್ಟು, ನೀರು ಎಷ್ಟು ಬಿಸಿ, ಮಗುವಿನ ಮೂಗಿಗೆ ಬಾಯಿ ಹಾಕಿ ಊದಬಾರದು, ಎಲ್ಲ ಹೇಳಿಕೊಡುತ್ತಾರೆ. ನೀವು ಕಂಡದ್ದನ್ನೂ ಬರೆದುಕೊಡಿ ಪದ್ದಕ್ಕ ಅಂತ ಹಿಂದೆ ಬಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒಂದು ಹಾಳೆ ತುಂಬಿಸುವುದಕ್ಕಿಂತ ಒಂದು ಹಂಡೆ ತುಂಬಿಸುವುದು ಸುಲಭ. ಕಾಗುಣಿತ ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಅಂದಿದ್ದೇನೆ.

ಮೊದಲು ಕೆಲಸದ ವಿಷಯ. ಬೆಳಕು ಹರಿಯುವ ಮೊದಲು ಎದ್ದು ಹೋಗಬೇಕು. ಬಚ್ಚಲೊಲೆಗೆ ಒಣಗಿದ ತೆಂಗಿನ ಮಡಲು, ಸಿಪ್ಪೆ ಹಾಕಿ ಬೆಂಕಿ ಮಾಡಬೇಕು. ಹೊಗೆಗೆ ಕಣ್ಣು ಹೋಗುತ್ತದೆ. ಬಾಣಂತಿಗೆ ಎಣ್ಣೆ ತಿಕ್ಕಿ, ಹಂಡೆ ಖಾಲಿಯಾಗುವವರೆಗೆ ಬೆನ್ನಿಗೆ ಸೊಂಟಕ್ಕೆ ನೀರು ಹೊಯ್ಯಬೇಕು. ಸೊಂಟ ಅವಳದ್ದು ಗಟ್ಟಿಯಾಗುತ್ತದೆ, ನಮ್ಮದು ಹೋಗುತ್ತದೆ. ಆಮೇಲೆ ಅವಳನ್ನು ಹೊದೆಸಿ ಮಲಗಿಸಿ, ಮಣೆ ಮೇಲೆ ಕೂತು ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಹಾಕಿಕೊಂಡು ಮೀಸಬೇಕು. ಒಂದು ಮನೆ ಮುಗಿಸಿ ಇನ್ನೊಂದು ಮನೆ. ಹೊಟ್ಟೆಗೆ ಏನಾದರೂ ಬೀಳುವಾಗ ಸೂರ್ಯ ನೆತ್ತಿಗೆ ಬಂದಿರುತ್ತಾನೆ.

ಬಿಸಿನೀರು ಬಿದ್ದ ಬಾಣಂತಿ ಹೊದೆದುಕೊಂಡ ಮೇಲೆ ಮಾತು ಮುಗಿಯುವ ಮೊದಲೇ ನಿದ್ದೆ ಹೋಗುತ್ತಾಳೆ. ಹೋಗಲೇಬೇಕು. ಹೋಗದಿದ್ದರೆ ಏನು ಅಂತ ನನಗೆ ಅತ್ತೆ ಹೇಳಿಕೊಟ್ಟದ್ದು ಒಂದೇ, ಗಾಳಿ. ಬಾಣಂತಿ ಸನ್ನಿ ಅಂತ ಅದಕ್ಕೊಂದು ಹೆಸರೂ ಇತ್ತು. ಕಾಳುಮೆಣಸು ಅರೆದು ಹಚ್ಚು, ಕಿವಿಗೆ ಹತ್ತಿ ತುರುಕು, ಹಾಸಿಗೆಯಡಿ ಕಬ್ಬಿಣ ಇಡು. ಕಬ್ಬಿಣ ಅಂದರೆ ಕತ್ತಿ. ಹೆರಿಗೆಯಾದ ಮನೆಯಲ್ಲೆಲ್ಲ ಚಾಪೆಯಡಿಯಲ್ಲಿ ಒಂದು ಕತ್ತಿ ಇದ್ದೇ ಇರುತ್ತಿತ್ತು. ನಲವತ್ತು ದಿನ ಅದು ಅಲ್ಲೇ. ಚಾಪೆ ಮಡಚುವಾಗ ತೆಗೆಯುವುದು, ಹಾಸುವಾಗ ಇಡುವುದು, ಅದೂ ನಮ್ಮ ಕೆಲಸವೇ.

ಕೊಕ್ಕರ್ಣೆಯ ಮನೆಯೊಂದರಲ್ಲಿ ಬಾಣಂತನ ಮುಗಿಯುವವರೆಗೆ ಅಲ್ಲೇ ಉಳಿದು ಕೆಲಸ ಮಾಡಿದ್ದೆ. ನಾನಾಗ ಇನ್ನೂ ಪ್ರಾಯದವಳು. ಬೇಸಾಯದ ಮನೆ, ಒಳ್ಳೆಯ ಜನ. ವನಜ ಅಂತ ಬಾಣಂತಿ, ಗಂಡು ಮಗು. ಅವಳಿಗೆ ನಿದ್ದೆಯೇ ಬರದಾಯಿತು. ಬಾಗಿಲು ಬಾಗಿಲಿಗೆ ಹೋಗಿ ನಿಂತು ಯಾರೋ ಕರೆದರು ಅನ್ನುತ್ತಿದ್ದಳು. ಮೆಣಸು ಹಚ್ಚಿದೆವು, ಹೊಗೆ ಹಾಕಿದೆವು. ಆಸ್ಪತ್ರೆ ಅಂತ ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ ಇಲ್ಲ. ಕಡೆಗೆ ಅವಳನ್ನು ತವರಿಗೆ ಕಳಿಸಿದರು. ಮಗುವನ್ನು ಇಟ್ಟುಕೊಂಡರು. ಮುಂದಿನ ಮಳೆಗಾಲದ ಹೊತ್ತಿಗೆ ವನಜ ಸರಿಯಾದಳಂತೆ. ಮಗುವನ್ನು ಮಾತ್ರ ತಿರುಗಿ ಕೊಡಲಿಲ್ಲ. ಗಂಡನಿಗೆ ಬೇರೆ ಮದುವೆ ಆಯಿತು.

ಎಷ್ಟೋ ವರ್ಷದ ಮೇಲೆ ಬ್ರಹ್ಮಾವರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು ಬಂದು ನನ್ನ ಕೈ ಹಿಡಿದಳು. ಗುರುತು ಸಿಗಲಿಲ್ಲ.

"ನಾನ್ ವನಜ. ನೀವ್ ನಮ್ ಹುಡ್ಗನ್ ಮೀಸಿದವ್ರ್ ಅಲ್ದಾ?"

"ಹೌದ್."

"ಅವ್ನ ಮೈಯಂಗೆ ಎಂತಾರೂ ಮಚ್ಚೆ ಇದ್ದಿತ್ತಾ ಅಕ್ಕ? ನಂಗ್ ನೆನ್ಪೇ ಬತ್ತಿಲ್ಲೆ."

ಇತ್ತು. ಬಲಗಡೆ ಪಕ್ಕೆಯಲ್ಲಿ, ಹುಣಸೆ ಬೀಜದಷ್ಟು. ಹೇಳಿದೆ. ಅವಳು ತನ್ನ ಪಕ್ಕೆ ಮುಟ್ಟಿಕೊಂಡು, ಇಲ್ಲಿಯಾ, ಅಂತ ಕೇಳಿದಳು. ಅಲ್ಲೇ ಅಂದೆ. ಬಸ್ಸು ಬಂತು, ಹತ್ತಿ ಹೋದಳು. ಅಷ್ಟೇ. ಕಾಯಿಲೆ ಅವಳನ್ನು ಬಿಟ್ಟು ಹೋಗಿತ್ತು. ಜನ ಬಿಡಲಿಲ್ಲ.

ಹಾಗಂತ ನನ್ನ ಅತ್ತೆಯ ಮೇಲೆ ತಪ್ಪು ಹಾಕುವುದಿಲ್ಲ. ಅವರಿಗೆ ಹೇಳಿಕೊಡುವವರು ಇರಲಿಲ್ಲ. ನಮಗೆ ಹೇಳಿದವರು ಆರೋಗ್ಯ ಉಪಕೇಂದ್ರದ ಸಿಸ್ಟರು. ಮೀಸುವ ಹೆಂಗಸರನ್ನೆಲ್ಲ ಒಂದು ಮಧ್ಯಾಹ್ನ ಕೂರಿಸಿಕೊಂಡು, "ಹೆರಿಗೆ ಆದಮೇಲೆ ಕಣ್ಣೀರು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ನಿಲ್ಲದಿದ್ದರೆ ನನಗೆ ಹೇಳಿ. ಆದರೆ ನಿದ್ದೆಯೇ ಇಲ್ಲದೆ ಸುಸ್ತೂ ಆಗದೆ ತಿರುಗುವವಳು, ಮಗು ನನ್ನದಲ್ಲ ಅನ್ನುವವಳು, ಇಲ್ಲದ ದನಿ ಕೇಳುವವಳು ಕಂಡರೆ ನಾಳೆಗೆ ಇಡಬೇಡಿ, ಆಗಲೇ ಫೋನ್ ಮಾಡಿ" ಅಂದರು. ನಾನು ಅರ್ಧ ತೂಕಡಿಸಿಕೊಂಡು ಕೇಳಿದ್ದೆ. ಬೆಳಿಗ್ಗೆ ಮೂರು ಮನೆ ಮುಗಿಸಿ ಬಂದಿದ್ದೆ. ಪುಣ್ಯಕ್ಕೆ ಆ ಅರ್ಧ ತಲೆಯಲ್ಲಿ ಉಳಿಯಿತು.

ತಲೆಯಲ್ಲಿ ಉಳಿದದ್ದು ಕೆಲವು ಸಲ ಹೆಚ್ಚೂ ಆಗುತ್ತದೆ. ಸಾಲಿಗ್ರಾಮದ ಕಡೆಯ ಒಬ್ಬಳು ರಾತ್ರಿಯಿಡೀ ಮಲಗುವುದಿಲ್ಲ, ಹೊದಿಕೆಯೊಳಗೆ ಒಬ್ಬಳೇ ನಗುತ್ತಾಳೆ ಅಂತ ನಾನು ಸಿಸ್ಟರನ್ನು ಬಿಸಿಲಲ್ಲಿ ಓಡಿಸಿಕೊಂಡು ಹೋದೆ. ನೋಡಿದರೆ ಹೊದಿಕೆಯೊಳಗೆ ಮೊಬೈಲು, ಮೊಬೈಲಿನಲ್ಲಿ ಧಾರಾವಾಹಿ. ಅವಳ ಅತ್ತೆ ನನಗೆ ಬೈದದ್ದು ಇವತ್ತಿಗೂ ಕಿವಿಯಲ್ಲಿದೆ. ಸಿಸ್ಟರು ಬೈಯಲಿಲ್ಲ. "ಸುಮ್ಮನೆ ಬಂದದ್ದು ಹತ್ತು ಸಲ ಆದರೂ ಪರವಾಗಿಲ್ಲ" ಅಂದರು. ಇದನ್ನು ಹೊಸಬರು ನೆನಪಿಟ್ಟುಕೊಳ್ಳಿ. ಬೈಸಿಕೊಂಡರೆ ಏನೂ ಹೋಗುವುದಿಲ್ಲ.

ಇನ್ನು ನನ್ನ ಐವತ್ತೆಂಟನೇ ವರ್ಷದ ಕಥೆ.

ಉಪ್ಪುಂದದಲ್ಲಿ ನಮ್ಮ ಮನೆಗಿಂತ ಸ್ವಲ್ಪ ದೂರ ಗುಲಾಬಿಯ ಮನೆ. ಗಂಡ ತೀರಿಹೋಗಿದ್ದ, ಮೀನು ಮಾರಿ ಮಗಳನ್ನು ಸಾಕಿದವಳು. ಮಗಳು ಸುಮಿತ್ರಾ. ಕೋಡಿಗೆ ಕೊಟ್ಟಿದ್ದರು. ಅಳಿಯ ಸತೀಶ ಬೋಟಿಗೆ ಹೋಗುವವನು, ಹೋದರೆ ವಾರಗಟ್ಟಲೆ ನೀರಿನ ಮೇಲೆ. ಚೊಚ್ಚಲ ಹೆರಿಗೆಗೆ ಸುಮಿತ್ರಾ ತವರಿಗೆ ಬಂದಿದ್ದಳು. ಹೆಣ್ಣು ಮಗು. ಆಸ್ಪತ್ರೆಯಿಂದ ಬಂದ ದಿನದಿಂದ ನಾನೇ ಮೀಸುತ್ತಿದ್ದೆ.

ಮೊದಲ ನಾಲ್ಕು ದಿನ ಏನಿಲ್ಲ. ಐದನೆಯ ದಿನ ಮಿಂದು ಮಲಗಿದವಳು ಎದ್ದು ಕೂತಳು. ಆರನೆಯ ದಿನ ನಾನು ಹೋಗುವಾಗಲೇ ಎದ್ದು ಅಂಗಳ ಗುಡಿಸುತ್ತಿದ್ದಳು. ಹಸಿ ಬಾಣಂತಿ. ಗುಲಾಬಿಗೆ ಅದು ಖುಷಿ. ನೋಡು, ನನ್ನ ಮಗಳು ಎಷ್ಟು ಗಟ್ಟಿ, ಅಂತ. ಏಳನೆಯ ದಿನ ನಾನು ಬೆನ್ನಿಗೆ ನೀರು ಹೊಯ್ಯುತ್ತಿದ್ದೆ. ಅವಳು ಒಂದೇ ಸಮನೆ ಮಾತಾಡುತ್ತಿದ್ದಳು. ಒಂದು ಮಾತಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ನಡುವೆ ನಕ್ಕು ಹೇಳಿದಳು.

"ಪದ್ದಕ್ಕ, ನಿಮ್ಗೊಂದ್ ಗುಟ್ಟ್ ಹೇಳ್ತೆ. ಆ ಶಿಶು ನಂದಲ್ಲ. ಆಸ್ಪತ್ರಿಯಂಗೆ ಬದ್ಲ್ ಮಾಡಿರ್."

"ಹೌದಾ. ಯಾರ್ ಹೇಳ್ರ್ ನಿಂಗೆ?"

"ಹಾಸ್ಗಿ ಅಡಿ ಇತ್ತಲೆ, ಅದ್. ರಾತ್ರಿ ಎಲ್ಲ ಮಾತಾಡ್ತತ್. ನಿದ್ದಿ ಮಾಡುಕ್ ಬಿಡ್ತಿಲ್ಲೆ."

"ಎಂತ ಹೇಳ್ತತ್?"

ಅವಳು ನಗುವುದನ್ನು ನಿಲ್ಲಿಸಿದಳು. "ಅದ್ನ ಹೇಳುಕಾಗ" ಅಂದಳು.

ಕೈಯಲ್ಲಿದ್ದ ಚೊಂಬು ನಾನು ಬಿಡಲಿಲ್ಲ. ಹಂಡೆಯಲ್ಲಿ ಉಳಿದ ನೀರನ್ನೂ ಹೊಯ್ದೆ. ಎಂದಿನಂತೆ ಒರೆಸಿದೆ, ತಲೆಗೆ ಬಟ್ಟೆ ಕಟ್ಟಿದೆ, ಸೀರೆ ಉಡಿಸಿ ಜಗಲಿಯ ಮೂಲೆಯಲ್ಲಿ ಕೂರಿಸಿದೆ. ಹಾಸಿಗೆ ಸರಿಮಾಡಿ ಬರ್ತೆ ಅಂತ ಒಳಗೆ ಹೋಗಿ ಮೊದಲು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಆಮೇಲೆ ಚಾಪೆ ಎತ್ತಿ ಕತ್ತಿ ತೆಗೆದೆ. ಅದನ್ನೂ ಅಡುಗೆಮನೆಯ ಮೀನು ಕೊಯ್ಯುವ ಕತ್ತಿಯನ್ನೂ ಬಚ್ಚಲ ಹಂಚಿನ ಮಾಡಿನ ಸಂದಿಗೆ, ಕೈಗೆ ಎಟುಕದಲ್ಲಿಗೆ, ಕೋಲಿನಿಂದ ನೂಕಿದೆ. ಖಾಲಿ ಬಿಟ್ಟರೆ ಗುಲಾಬಿ ಇನ್ನೊಂದು ಕತ್ತಿ ತಂದು ಇಡುತ್ತಾಳೆ ಅಂತ ಗೊತ್ತಿತ್ತು. ಸುತ್ತ ನೋಡಿದೆ. ಕಾವಲಿಯ ಹತ್ತಿರ ಕಬ್ಬಿಣದ ದೋಸೆ ಸಟ್ಟುಗ ಇತ್ತು. ಅದನ್ನೇ ಚಾಪೆಯಡಿ ಇಟ್ಟೆ.

ಬಾವಿಯಿಂದ ನೀರು ತಂದ ಗುಲಾಬಿ ಕಾವಲಿಗೆ ಹಿಟ್ಟು ಹೊಯ್ದಳು. ಸಟ್ಟುಗ ಹುಡುಕಿದಳು. ದೋಸೆ ಕರಟುವ ವಾಸನೆ ಬಂತು.

"ಪದ್ದಕ್ಕ, ಸಟ್ಗ ಕಂಡ್ಯಾ?"

"ಬಾಣ್ತಿ ಹಾಸ್ಗಿ ಅಡಿ ಇತ್ತ್."

ಗುಲಾಬಿ ಬಂದು ಚಾಪೆ ಎತ್ತಿ ನೋಡಿದಳು. ನನ್ನ ಮುಖ ನೋಡಿದಳು.

"ಕತ್ತಿ ಎಲ್ಲಿ?"

"ತೆಗ್ದೆ. ಕಬ್ಣ ಬೇಕಿದ್ರೆ ಅದೂ ಕಬ್ಣವೇ."

"ನಿಂಗೆಂತ ಆಯ್ತ್ ಮಾರಾಯ್ತಿ? ಸಟ್ಗ ಕಂಡ್ ಯಾವ್ ಗಾಳಿ ಹೆದ್ರ್ತತ್?"

"ಗಾಳಿ ವಿಷ್ಯ ನಂಗೊತ್ತಿಲ್ಲೆ. ಕತ್ತಿ ಕಂಡ್ ನಿನ್ ಮಗ್ಳ್ ಹೆದ್ರಿದ್ಳ್. ಅದ್ ಅವ್ಳತ್ರ ಮಾತಾಡ್ತತ್ ಅಂಬ್ರ್. ಶಿಶು ಅವ್ಳದ್ದಲ್ಲ ಅಂಬ್ರ್."

ಗುಲಾಬಿ ಅಲ್ಲೇ ಕೂತಳು. ಅವಳಿಗೆ ಗೊತ್ತಿತ್ತು. ರಾತ್ರಿಯೆಲ್ಲ ಆ ಮನೆಯಲ್ಲಿ ಇದ್ದವಳು ಅವಳೇ ಅಲ್ಲವಾ. ಗೊತ್ತಿದ್ದದ್ದನ್ನು ಗಟ್ಟಿ ಅಂತ ಹೆಸರಿಟ್ಟು ಕರೆದಿದ್ದಳು. ಒಬ್ಬಳೇ ಮಗಳಿರುವ ತಾಯಿ ಇನ್ನೇನು ಮಾಡುತ್ತಾಳೆ.

"ಮಗುನ್ ಹಿಡ್ಕ. ನಾನ್ ಸಿಸ್ಟರಿಗ್ ಫೋನ್ ಮಾಡ್ತೆ. ಇವತ್ತೇ ಕುಂದಾಪ್ರ ಆಸ್ಪತ್ರಿಗ್ ಹೋಯ್ಕ್."

"ನಲ್ವತ್ತ್ ಆಗ್ದೆ ಹೊಳಿ ದಾಂಟುಕಿಲ್ಲೆ."

"ಹೆತ್ತದ್ ಎಲ್ಲಿ? ಕುಂದಾಪ್ರದಲ್ಲೇ ಅಲ್ದಾ? ಮನೀಗ್ ಬಪ್ಪಾಗ ಹೊಳಿ ಎಂತ ಒಣ್ಗಿದಿತ್ತಾ?"

"ಅದ್ ಬೇರೆ." ದನಿ ತಗ್ಗಿಸಿದಳು. "ಹೊಳಿ ಅಲ್ಲ ಅಕ್ಕ. ಹುಚ್ಚಿನ ಡಾಕ್ಟ್ರತ್ರ ಹೋದ್ರ್ ಅಂದೇಳಿ ಕೋಡಿಗ್ ಗೊತ್ತಾರೆ ಇವ್ಳನ್ ಬಿಡ್ತ್ರ್. ಮಗುನ್ ಇಟ್ಕಂತ್ರ್."

ನನಗೆ ವನಜಳ ಕೈ ನೆನಪಾಯಿತು, ಪಕ್ಕೆಯ ಮೇಲೆ ಇಟ್ಟುಕೊಂಡ ಕೈ.

"ಇಲ್ಲೇ ಇಟ್ಕಂಡ್ ಕೂತ್ರೂ ಗೊತ್ತಾತ್ತ್ ಗುಲಾಬಿ. ಹೆಂಗ್ ಗೊತ್ತಾಯ್ಕ್ ಅಂದೇಳಿ ನೀನೇ ಕಾಣ್."

ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಗುಲಾಬಿ ಎದ್ದಳು. ಮಗಳ ಕಿವಿಗೆ ಹತ್ತಿ ಇಟ್ಟಳು, ತಲೆಗೆ ಇನ್ನೊಂದು ಬಟ್ಟೆ ಸುತ್ತಿದಳು. ಸಿಸ್ಟರು ಕಾರು ಮಾಡಿಕೊಂಡು ಬಂದರು. ಸುಮಿತ್ರಾಳ ಹತ್ತಿರ ಸುಳ್ಳು ಹೇಳಲಿಲ್ಲ, ಆಸ್ಪತ್ರೆಯಲ್ಲಿ ನಿದ್ದೆ ಬರುವುದಕ್ಕೆ ಔಷಧಿ ಕೊಡಿಸುತ್ತೇನೆ ಅಂದರು. ಅವಳೂ ಹಟ ಮಾಡದೆ ಹತ್ತಿದಳು. ನಿದ್ದೆ ಅವಳಿಗೂ ಬೇಕಿತ್ತು. ಕಾರು ಹೊರಡುವಾಗ ಗುಲಾಬಿ ಒಳಗೆ ಓಡಿ ಬಂದು ಚಾಪೆಯಡಿಯಿಂದ ಸಟ್ಟುಗ ತೆಗೆದು ಚೀಲಕ್ಕೆ ಹಾಕಿಕೊಂಡಳು. ಹೊಳೆ ದಾಟುವಾಗ ಕಬ್ಬಿಣ ಬೇಕು. ಸಿಸ್ಟರು ಅದನ್ನು ನೋಡಿಯೂ ಬಾಗಿಲು ತೆರೆದು ಹತ್ತಿಸಿಕೊಂಡರು.

ಮಗುವಿನ ಜೊತೆ ನಾನು ಉಳಿದೆ. ಡಬ್ಬಿ ಹಾಲು ಹೇಗೆ ಕಲಸುವುದು ಅಂತ ಸಿಸ್ಟರು ಹೇಳಿಕೊಟ್ಟಿದ್ದರು. ಮಧ್ಯಾಹ್ನ ಸುಮಿತ್ರಾಳ ಅತ್ತೆ ರುಕ್ಕು ಬಂದಳು. ಗುಲಾಬಿಯೇ ದಾರಿಯಿಂದ ಫೋನು ಮಾಡಿ ಹೇಳಿದ್ದಳು. ಅದು ಸಣ್ಣ ಧೈರ್ಯ ಅಲ್ಲ. ರುಕ್ಕು ನನ್ನ ವಾರಿಗೆಯವಳು, ಕೋಡಿಯಲ್ಲಿ ನಮ್ಮ ತವರುಮನೆಯ ಹತ್ತಿರದವಳೇ. ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಶಿಶುನ್ ನಾ ಕರ್ಕಂಡ್ ಹೋತೆ. ಅವ್ಳ್ ಕೈಗ್ ಇನ್ ಕೊಡುಕಾಗ."

"ನಲ್ವತ್ತ್ ಆಗ್ದೆ ಶಿಶು ಹೊಳಿ ದಾಂಟುಕಿಲ್ಲೆ."

"ಅದ್ರ ತಾಯಿ ದಾಂಟಿ ಹೋದ್ಳಲೆ. ಆಗ ಎಲ್ಲಿಗ್ ಹೋಯಿತ್ ನಿನ್ ಶಾಸ್ತ್ರ?"

"ಅವ್ಳ್ ಸಟ್ಗ ಹಿಡ್ಕಂಡ್ ಹೋದ್ಳ್. ಈ ಮನಿಯಂಗೆ ಇನ್ನೊಂದ್ ಸಟ್ಗ ಇಲ್ಲೆ."

ರುಕ್ಕುಗೆ ನಗು ಬಂತು, ನುಂಗಿಕೊಂಡಳು. ಆದರೆ ಹೊಳೆಯ ಮಾತು ಅವಳಿಂದ ಮೀರಲಿಕ್ಕೆ ಆಗಲಿಲ್ಲ. ಅವಳು ನಂಬುವವಳು. ನಲವತ್ತು ತುಂಬಿದ ದಿನವೇ ಕರೆದುಕೊಂಡು ಹೋಗುತ್ತೇನೆ ಅಂದಳು. ಮೊಮ್ಮಗಳ ಜೊತೆ ಅಲ್ಲೇ ಉಳಿದಳು. ನಾನು ಬೆಳಿಗ್ಗೆ ಹೋಗಿ ಮಗುವನ್ನು ಮೀಸುತ್ತಿದ್ದೆ. ಅಷ್ಟರೊಳಗೆ ಸುಮಿತ್ರಾ ಸರಿಯಾಗಿ ಬರಬೇಕು. ಬರದಿದ್ದರೆ ಇನ್ನೊಬ್ಬಳು ವನಜ.

ಒಂದು ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋದೆ. ಸುಮಿತ್ರಾ ನಿದ್ದೆಯಲ್ಲಿದ್ದಳು. ಅಷ್ಟು ಗಟ್ಟಿ ನಿದ್ದೆ ನೋಡಿ ನನಗೂ ಅಲ್ಲೇ ಮಲಗುವ ಅನ್ನಿಸಿತು. ಅಳಿಯ ಸತೀಶ ಬೋಟು ಇಳಿದು ಬಂದು ಕಾಲ ಹತ್ತಿರ ಕೂತಿದ್ದ. ನನ್ನ ಹತ್ತಿರ ಕೇಳಿದ್ದು ಒಂದೇ ಮಾತು. "ಮಗು ಹಾಲ್ ಕುಡೀತಾ ಅಕ್ಕ?" ಕುಡಿಯುತ್ತದೆ ಅಂದೆ. ತಲೆದಿಂಬಿನ ಬದಿಯಲ್ಲಿ ಸಟ್ಟುಗದ ಹಿಡಿ ಕಾಣುತ್ತಿತ್ತು. ಡಾಕ್ಟರಮ್ಮ ಬಂದವರು ಅದನ್ನು ನೋಡಿದರು.

"ಇದನ್ನು ತೆಗೆಯಿರಿ ಅಂತ ನಮ್ಮ ನರ್ಸು ಹೇಳಿದ್ದಕ್ಕೆ ಗುಲಾಬಮ್ಮ ಅತ್ತುಬಿಟ್ಟರು. ಹರಿತ ಇಲ್ಲ ಅಂತ ನೋಡಿ, ಇರಲಿ ಬಿಡಿ ಅಂದೆ. ಸುಮಿತ್ರಾ ಎಚ್ಚರ ಇರುವಾಗ ಗುಲಾಬಮ್ಮನ ಚೀಲದಲ್ಲೇ ಇರುತ್ತದೆ" ಅಂದರು.

"ಅದ್ ಹುಚ್ಚಾ ಡಾಕ್ಟ್ರೇ?" ನಾನು ನೇರ ಕೇಳಿದೆ.

"ಕಾಯಿಲೆ. ಹೆರಿಗೆ ಆದ ಮೇಲೆ ಕೆಲವರಿಗೆ ಬರುತ್ತದೆ. ಅವರು ಮಾಡಿದ ತಪ್ಪಿನಿಂದ ಬಂದದ್ದಲ್ಲ, ನೀವು ನೀರು ಹಾಕಿದ್ದರಿಂದಲೂ ಅಲ್ಲ. ಗುಣ ಆಗುತ್ತದೆ. ನಾನು ಹೇಳುವ ತನಕ ಮಾತ್ರೆ ಬಿಡಬಾರದು. ಇನ್ನೊಂದು ಮಗು ಆಗುವುದಾದರೆ ಮೊದಲೇ ಬಂದು ಹೇಳಬೇಕು."

"ಮಗುನ್ ಕೊಡ್ಲಕ್ಕಾ?"

"ಕೊಡಬೇಕು. ಈಗ ಸ್ವಲ್ಪ ದಿನ ತಾಯಿ ಮಗು ಇಬ್ಬರನ್ನೇ ಬಿಡಬೇಡಿ, ಪಕ್ಕದಲ್ಲಿ ಯಾರಾದರೂ ಇರಿ. ಆದರೆ ಮಗುವಿನ ಕೆಲಸ ಅವರ ಕೈಯಲ್ಲೇ ಮಾಡಿಸಿ. ದೂರ ಇಟ್ಟರೆ ಹೆದರಿಕೆ ಹೆಚ್ಚಾಗುತ್ತದೆ."

ನಲವತ್ತಕ್ಕೆ ಎರಡು ದಿನ ಇರುವಾಗ ಸುಮಿತ್ರಾ ಮನೆಗೆ ಬಂದಳು. ಮುಖ ಸ್ವಲ್ಪ ಊದಿತ್ತು, ನಡೆ ನಿಧಾನ, ಕೈ ಸಣ್ಣಗೆ ನಡುಗುತ್ತಿತ್ತು. ಮಾತ್ರೆಯಿಂದ, ಕಡಿಮೆಯಾಗುತ್ತದೆ ಅಂತ ಗುಲಾಬಿ ಹೇಳಿದಳು. ಬಂದವಳು ಮಗುವಿನ ಕಡೆ ನೋಡಿ ಗೋಡೆಯ ಕಡೆ ತಿರುಗಿದಳು. ಎಲ್ಲ ನೆನಪಿತ್ತು ಅವಳಿಗೆ. ಅದೇ ಕಷ್ಟ.

ಮರುದಿನ ನಾನು ಮಗುವಿಗೆ ಎಣ್ಣೆ ತಿಕ್ಕಿ ಬಚ್ಚಲಿಗೆ ತಂದೆ. ಸುಮಿತ್ರಾಳನ್ನು ಕರೆದೆ. ಮಣೆ ತೋರಿಸಿದೆ.

"ಕೂಕೋ. ಕಾಲ್ ಚಾಚ್."

"ನಂಗ್ ಹೆದ್ರಿಕಿ ಆತ್ತ್ ಪದ್ದಕ್ಕ."

"ಆಯ್ಲಿ. ಹೆದ್ರಿಕಿ ಇದ್ದವ್ರ್ ಗಟ್ಟಿ ಹಿಡ್ಕಂತ್ರ್. ಕಾಲ್ ಚಾಚ್."

ರುಕ್ಕು ಬಾಗಿಲಿಗೆ ಬಂದು ಅಡ್ಡ ನಿಂತಳು. "ಎಂತ ಮಾಡ್ತಿದ್ದೆ ನೀನ್? ನಾಳೆ ಹೋಪ ಶಿಶು ಅದ್."

"ಡಾಕ್ಟ್ರ್ ಹೇಳದ್ ಮಾಡ್ತಿದ್ದೆ. ನಿಂಗ್ ಹೆದ್ರಿಕಿ ಆರೆ ಹತ್ರ ಬಂದ್ ಕೂಕೋ. ದೂರ ನಿಂತ್ರೆ ಜಾರದ್ ಹಿಡುಕಾತ್ತಾ?"

ಮಗುವನ್ನು ತಾಯಿಯ ಕಾಲ ಮೇಲೆ ಮಲಗಿಸಿದೆ. ಅವಳ ಎಡಗೈಯನ್ನು ನಾನೇ ಹಿಡಿದು ಮಗುವಿನ ಕತ್ತಿನ ಅಡಿಗೆ ಇಟ್ಟೆ. ನೀರು ನಾನು ಹೊಯ್ದೆ, ಸಣ್ಣಗೆ. ಮಗು ಕಿರುಚಿತು. ಸುಮಿತ್ರಾ ಕಣ್ಣು ಮುಚ್ಚಿದಳು, ಕೈ ಬಿಡಲಿಲ್ಲ. ಹೊಟ್ಟೆ ಆಯಿತು, ಕಾಲು ಆಯಿತು. ಬೆನ್ನು ತಿಕ್ಕಲು ಮಗುಚಿ ಹಾಕಬೇಕು. ಅಲ್ಲಿ ಅವಳಿಗೆ ಆಗಲಿಲ್ಲ, ಕೈ ನಿಂತಿತು. ನಾನು ಚೊಂಬು ಕೆಳಗಿಡುವ ಮೊದಲೇ ರುಕ್ಕು ಕೂತಿದ್ದಳು. ಸೀರೆ ಒದ್ದೆಯಾದದ್ದೂ ಗೊತ್ತಿಲ್ಲ.

"ಹಂಗಲ್ಲ ಹೆಣ್ಣೆ. ಎದಿಗ್ ಕೈ ಕೊಡ್. ಹಾಂ. ಈಗ ಮಗ್ಚ್."

ಇಬ್ಬರ ಕೈಯಲ್ಲಿ ಮಗು ಮಗುಚಿತು. ಸುಮಿತ್ರಾ ಕಣ್ಣು ತೆಗೆದು ಮಗುವಿನ ಬೆನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಹೆಗಲ ಹತ್ತಿರ ಒಂದು ಕೆಂಪು ಮಚ್ಚೆ ಇತ್ತು.

"ಇದ್ ಮುಂಚಿನಿಂದ್ಲೂ ಇತ್ತಾ?" ಅಂದಳು.

"ಹುಟ್ಟಿದ್ ದಿನದಿಂದ ಇತ್ತ್. ನೋಡಿ ಇಟ್ಕ" ಅಂದೆ.

ಕರೆದುಕೊಂಡು ಹೋಗುವ ಮಾತನ್ನು ರುಕ್ಕು ಆ ದಿನ ಎತ್ತಲಿಲ್ಲ. ಸಂಜೆ ಮಗನಿಗೆ ಫೋನು ಮಾಡಿ, ತನ್ನ ಎರಡು ಸೀರೆ ಕಳಿಸು, ಇನ್ನು ಸ್ವಲ್ಪ ದಿನ ಇಲ್ಲೇ ಇರುತ್ತೇನೆ ಅಂದಳಂತೆ.

ಮಾರನೆಯ ಬೆಳಿಗ್ಗೆ, ನಲವತ್ತನೆಯ ದಿನ, ನಾನು ಎಂದಿನ ಹೊತ್ತಿಗೆ ಹೋದೆ. ಬಚ್ಚಲೊಲೆಗೆ ಬೆಂಕಿ ಮಾಡಿ ಹಂಡೆ ಕಾಯಿಸಿದೆ. ಸುಮಿತ್ರಾ ಮಣೆಯ ಮೇಲೆ ಕೂತಳು, ರುಕ್ಕು ಅವಳ ಪಕ್ಕ ಕೂತಳು. ಅಲ್ಲಿ ನನಗೆ ಜಾಗ ಇರಲಿಲ್ಲ. ಗುಲಾಬಿಯ ಚೀಲದಿಂದ ಸಟ್ಟುಗ ತೆಗೆದೆ, ಬೂದಿ ಹಾಕಿ ತಿಕ್ಕಿ ತೊಳೆದೆ, ಕಾವಲಿ ಇಟ್ಟು ನಾಲ್ಕು ಜನಕ್ಕೆ ದೋಸೆ ಹೊಯ್ದೆ.